ಒಂದು ಪದದ ಸೂರಿನಡಿಯಲ್ಲಿ: ಜರ್ಮ್ಯಾನಿಕ್ ಭಾಷೆಗಳ ‘ಮನೆ’



ನನ್ನ ಮುಂದಿನ ಮೇಜಿನ ಮೇಲೆ ಒಂದು ಹಂಚು ಇಟ್ಟಿದ್ದೇನೆ. ಮಲೆನಾಡಿನ ನಮ್ಮ ಅಜ್ಜಿಯ ಮನೆಯನ್ನು ಕೆಡವಿದ ದಿನ ನಾನು ಕೇಳಿ ತಂದದ್ದು. ಮೇಲ್ಮೈ ಮಳೆಗೆ ಪಾಚಿಗಟ್ಟಿದೆ. ಒಳಮೈ ನೂರಾರು ಬೆಳಗಿನ ಒಲೆಯ ಹೊಗೆಗೆ ಕಪ್ಪಾಗಿದೆ. ಬೆರಳಿನಿಂದ ಆ ಮಸಿ ಒರೆಸಿದರೆ ‘ಬಾಸೆಲ್ ಮಿಷನ್’ ಎಂಬ ಅಚ್ಚು ಕಾಣುತ್ತದೆ. ಜರ್ಮನ್ ಮಾತಾಡುವ ಊರಿನ ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಹಂಚು ನಮ್ಮ ಮೂರು ತಲೆಮಾರನ್ನು ಮಳೆಯಿಂದ ಕಾಯ್ದಿತು. ಜರ್ಮನ್ನರು, ಇಂಗ್ಲಿಷರು, ಡಚ್ಚರು, ಸ್ವೀಡಿಷರು ಮನೆಗೆ ಏನೆನ್ನುತ್ತಾರೆ, ಆ ಪದ ಅವರಿಗೆ ಎಲ್ಲಿಂದ ಬಂತು ಎಂಬ ವಿಚಾರವನ್ನು ನಾನು ಈ ಹಂಚಿನಿಂದಲೇ ಶುರುಮಾಡುತ್ತೇನೆ. ಕೊನೆಗೆ ಇದರ ಬಳಿಗೇ ಬರುತ್ತೇನೆ.

ಒಂದೇ ತಾಯಿಯ ಮಕ್ಕಳು

ಇಂಗ್ಲಿಷಿನಲ್ಲಿ ಹೌಸ್, ಜರ್ಮನ್ನಿನಲ್ಲೂ ಹೌಸ್. ಡೇನಿಷ್, ನಾರ್ವೇಜಿಯನ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಭಾಷೆಗಳಲ್ಲಿ ಹುಸ್. ನಾನು ‘ಹುಸ್’ ಎಂದಲ್ಲೆಲ್ಲ ಉಕಾರವನ್ನು ಎಳೆದು ಓದಿಕೊಳ್ಳಬೇಕೆಂದು ಕೋರುತ್ತೇನೆ. ಡಚ್ ಮತ್ತು ಆಫ್ರಿಕಾನ್ಸ್ ಭಾಷೆಗಳ ಉಚ್ಚಾರ ನಮ್ಮ ಲಿಪಿಗೆ ಪೂರ್ತಿ ದಕ್ಕುವುದಿಲ್ಲ. ಹೊಯ್ಸ್ ಎಂದರೆ ಸುಮಾರಾಗಿ ಹತ್ತಿರ. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್‌ನಲ್ಲಿ ಹೊಯ್ಜ್. ಇಷ್ಟು ಭಾಷೆಗಳಿಗೆ ಇಷ್ಟು ಹೋಲುವ ಪದ ಇರಬೇಕಾದರೆ ಇವೆಲ್ಲ ಬೇರೆಯಾಗುವ ಮೊದಲೇ ಆ ಪದ ಇದ್ದಿರಬೇಕು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಉತ್ತರ ಯುರೋಪಿನಲ್ಲಿ ಆಡುತ್ತಿದ್ದ ಆ ತಾಯಿನುಡಿಯನ್ನು ಮೂಲ ಜರ್ಮ್ಯಾನಿಕ್ ಎಂದು ಕರೆಯುತ್ತೇವೆ. ಅದರಲ್ಲಿ ಈ ಪದ ‘ಹೂಸನ್’ ಎಂಬಂತೆ ಇತ್ತೆಂದು ಭಾಷಾಶಾಸ್ತ್ರಜ್ಞರು ಪುನಾರಚಿಸಿದ್ದಾರೆ. ಯಾವ ಬರಹದಲ್ಲೂ ಸಿಗದ, ತರ್ಕದಿಂದ ಕಟ್ಟಿಕೊಂಡ ಇಂಥ ರೂಪಗಳ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕುವುದು ಪದ್ಧತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆಗಸ್ಟ್ ಷ್ಲೈಖರ್ ಅದನ್ನು ಬಳಕೆಗೆ ತಂದರು. ನನಗೆ ಆ ಪುಟ್ಟ ಚಿಹ್ನೆಯ ಮೇಲೆ ತುಂಬ ಗೌರವ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಓದುಗರಿಗೆ ಪ್ರಾಮಾಣಿಕವಾಗಿ ಹೇಳುವ ಗುರುತು ಅದು.

ಇಲ್ಲೊಂದು ವಿಚಾರ ಗಮನಿಸಬೇಕು. ಇಂಗ್ಲಿಷರ ಹೌಸ್ ಮತ್ತು ಜರ್ಮನ್ನರ ಹೌಸ್ ಇಂದು ಒಂದೇ ಥರ ಕೇಳಿಸುತ್ತವೆ. ಆದರೆ ಈ ಹೋಲಿಕೆ ತಾಯಿಯಿಂದ ಬಂದದ್ದಲ್ಲ. ಹಳೆಯ ಇಂಗ್ಲಿಷ್, ಹಳೆಯ ಜರ್ಮನ್ ಎರಡರಲ್ಲೂ ಪದ ಹುಸ್ ಎಂದೇ ಇತ್ತು. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಇಂಗ್ಲಿಷಿನಲ್ಲೂ ದೀರ್ಘ ಉಕಾರವೇ. ಆಮೇಲಿನ ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸಿದಾಗ ಆ ‘ಊ’ ‘ಔ’ ಆಯಿತು. ಜರ್ಮನ್ ನಾಡಿನಲ್ಲಿ ಅದೇ ಬದಲಾವಣೆ ಹನ್ನೆರಡನೆಯ ಶತಮಾನದ ಹೊತ್ತಿಗೇ ಆಗ್ನೇಯ ದಿಕ್ಕಿನ ಆಸ್ಟ್ರಿಯಾ ಕಡೆಯಿಂದ ಹೊರಟು ನಿಧಾನಕ್ಕೆ ಹಬ್ಬಿತು. ಎರಡು ನಾಡುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಉಚ್ಚಾರಕ್ಕೆ ಬಂದು ಸೇರಿದವು. ಆ ಅಲೆ ಮುಟ್ಟದ ಕಡೆ ಹಳೆಯ ಸ್ವರ ಹಾಗೆಯೇ ಉಳಿದಿದೆ. ಸ್ಕಾಟ್ಲೆಂಡಿನ ಹಳ್ಳಿಯ ಮುದುಕ ಇಂದಿಗೂ ಹುಸ್ ಎನ್ನುತ್ತಾನೆ. ಸ್ವಿಟ್ಜರ್ಲೆಂಡಿನ ಜರ್ಮನ್ ಆಡುಮಾತಿನಲ್ಲೂ, ಉತ್ತರ ಜರ್ಮನಿಯ ಕರಾವಳಿಯ ಆಡುಮಾತಿನಲ್ಲೂ ಹುಸ್ ಎಂದೇ ಇದೆ.

ಈ ಮಾತಿಗೂ ಕನ್ನಡಕ್ಕೂ ಒಂದು ನಿಜವಾದ ನಂಟಿದೆ. ನಮ್ಮ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ತರಬೇತಿ ಪಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಹುಟ್ಟಿದೂರಿನ ಜನರ ಬಾಯಲ್ಲಿ ಹುಸ್, ಕಲಿತ ಊರಿನ ಜನರ ಬಾಯಲ್ಲೂ ಹುಸ್, ಪುಸ್ತಕದಲ್ಲಿ ಮಾತ್ರ ಹೌಸ್. ಬರಹದ ಭಾಷೆ ಬೇರೆ, ಒಲೆಯ ಮುಂದಿನ ಭಾಷೆ ಬೇರೆ ಎಂಬುದನ್ನು ಹುಟ್ಟಿನಿಂದಲೇ ಬಲ್ಲ ನಾಡಿನಿಂದ ಬಂದವರು 1894ರಲ್ಲಿ ನಮಗೆ ಆ ಮಹಾ ನಿಘಂಟನ್ನು ಕೊಟ್ಟರು. ಅದರಲ್ಲಿ ಗ್ರಂಥಸ್ಥ ಪದಗಳ ಪಕ್ಕದಲ್ಲಿ ಹಳ್ಳಿಯ ಗಾದೆಗಳೂ ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆ ಮನೆ ಹೇಗಿತ್ತು?

ಪದದ ಬೇರು ಹುಡುಕುವ ಮೊದಲು ಆ ಪದ ಯಾವ ವಸ್ತುವನ್ನು ತೋರಿಸುತ್ತಿತ್ತು ಎಂದು ನೋಡೋಣ. ಕ್ರಿ.ಶ. 98ರಲ್ಲಿ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಜರ್ಮನ್ ಬುಡಕಟ್ಟುಗಳ ಮೇಲೆ ‘ಗೆರ್ಮಾನಿಯಾ’ ಎಂಬ ಸಣ್ಣ ಗ್ರಂಥ ಬರೆದ. ಅದರ ಹದಿನಾರನೆಯ ಅಧ್ಯಾಯ ಪೂರ್ತಿ ಮನೆಗಳದ್ದೇ ಮಾತು. ಈ ಜನ ಪಟ್ಟಣಗಳಲ್ಲಿ ಇರುವುದಿಲ್ಲ, ಮನೆಗೆ ಮನೆ ಅಂಟಿಸಿ ಕಟ್ಟುವುದಿಲ್ಲ, ಕಲ್ಲೂ ಗೊತ್ತಿಲ್ಲ, ಹಂಚೂ ಗೊತ್ತಿಲ್ಲ, ಎಲ್ಲಕ್ಕೂ ಒರಟು ಮರವೇ ಎನ್ನುತ್ತಾನೆ. ಇನ್ನೂ ಒಂದು ವಿವರ ಕೊಡುತ್ತಾನೆ: ಅವರು ನೆಲದಲ್ಲಿ ಗುಂಡಿ ತೋಡಿ ಮೇಲೆ ದಪ್ಪನಾಗಿ ಸಗಣಿ ಗೊಬ್ಬರ ಹೇರುತ್ತಾರಂತೆ. ಚಳಿಗಾಲಕ್ಕೆ ಆಸರೆ, ಕಾಳಿಗೆ ಕಣಜ. ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಹಗೇವು ನೆನೆದರೆ ಸಾಕು.

ಟ್ಯಾಸಿಟಸ್ ಹೇಳಿದ್ದಕ್ಕೆ ಮಣ್ಣೇ ಸಾಕ್ಷಿ ನುಡಿದಿದೆ. ಜರ್ಮನಿಯ ಬ್ರೆಮರ್‌ಹಾಫೆನ್ ಪಟ್ಟಣದ ಉತ್ತರಕ್ಕೆ, ಸಮುದ್ರದಂಚಿನ ಜೌಗಿನಲ್ಲಿ ಫೆಡರ್ಸನ್ ವೀರ್ಡೆ ಎಂಬ ದಿಬ್ಬವಿದೆ. ವರ್ನರ್ ಹಾರ್ನಾಗೆಲ್ 1955ರಿಂದ 1963ರವರೆಗೆ ಅದನ್ನು ಅಗೆಸಿದರು. ಉಬ್ಬರದ ನೀರಿನಿಂದ ಪಾರಾಗಲು ಜನ ಸಗಣಿ ಮತ್ತು ಜೇಡಿಮಣ್ಣು ಪೇರಿಸಿ ಎತ್ತರ ಮಾಡುತ್ತ, ಅದರ ಮೇಲೆ ತಲೆಮಾರಿನ ಮೇಲೆ ತಲೆಮಾರು ಮನೆ ಕಟ್ಟುತ್ತ ಹೋಗಿದ್ದರು. ಗಾಳಿಯಾಡದ ಆ ಒದ್ದೆ ಸಗಣಿಯೊಳಗೆ ಮರ ಕೊಳೆಯಲಿಲ್ಲ. ಹೆಣೆದ ಕಡ್ಡಿಯ ಗೋಡೆಗಳ ಬುಡ, ಕಂಬಗಳ ಸಾಲು, ದನ ಕಟ್ಟುವ ಅಂಕಣಗಳು ಸುಮಾರು ಎರಡು ಸಾವಿರ ವರ್ಷ ಕಳೆದರೂ ನಿಂತಂತೆಯೇ ಸಿಕ್ಕವು. ಉದ್ದನೆಯ ಮನೆ, ಒಂದು ತುದಿಯಲ್ಲಿ ಒಲೆ ಮತ್ತು ಮನುಷ್ಯರು, ಇನ್ನೊಂದು ತುದಿಯಲ್ಲಿ ದನಗಳು, ಎಲ್ಲರ ಮೇಲೂ ಒಂದೇ ಹುಲ್ಲಿನ ಸೂರು. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಮೆಟ್ಟಿಲೇರಿದರೆ ಪಡಸಾಲೆ, ಹೀಗಿದ್ದ ನಮ್ಮ ಬಯಲುಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಆ ಬದುಕು ದೂರದ್ದೆನಿಸದು.

ಆ ಮನೆಯ ಅಂಗಾಂಗಗಳ ಹೆಸರನ್ನು ನೋಡಿದರೆ ಯಾವುದು ಅವರದು, ಯಾವುದು ಎರವಲು ಎಂದು ತಿಳಿಯುತ್ತದೆ. ಗೋಡೆಗೆ ಜರ್ಮನ್ನಿನಲ್ಲಿ ಎರಡು ಪದ. ‘ವಾಂಟ್’ ಎಂಬುದು ಸುತ್ತು, ಹೆಣೆ ಎಂಬ ಕ್ರಿಯೆಯಿಂದ ಬಂದದ್ದು. ಅಂದರೆ ತಡಿಕೆ ಗೋಡೆ. ‘ಮೌವರ್’ ಎಂಬುದು ಲ್ಯಾಟಿನ್ನಿನ ಮೂರುಸ್. ಅಂದರೆ ರೋಮನ್ನರಿಂದ ಕಲಿತ ಕಲ್ಲಿನ ಗೋಡೆ. ಇಂಗ್ಲಿಷಿನ ವಾಲ್, ಕಿಚನ್, ಟೈಲ್ ಮೂರೂ ಲ್ಯಾಟಿನ್ ಬೀಜದವು. ಇಂಗ್ಲಿಷಿನ ವಿಂಡೋ ಮಾತ್ರ ಉತ್ತರದವರದೇ ಸ್ವಂತ ಪದ: ಹಳೆಯ ನಾರ್ಸ್ ಭಾಷೆಯ ‘ವಿಂಡ್‌ಆವ್ಗ’, ಗಾಳಿಯ ಕಣ್ಣು. ನಮ್ಮ ಗವಾಕ್ಷ ಹಸುವಿನ ಕಣ್ಣು. ಒಂದನ್ನು ಇನ್ನೊಂದು ನೋಡಿ ಕಲಿತದ್ದಲ್ಲ. ಗೋಡೆಯಲ್ಲಿನ ಕಂಡಿಯನ್ನು ಕಣ್ಣೆಂದು ಕಾಣುವುದು ಮನುಷ್ಯ ಸಹಜ.

ಬೇರು ಎಲ್ಲಿದೆ?

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹುಸ್ ಎಂಬುದರ ಮೂಲ ಅರ್ಥವೇನು?

ಇಲ್ಲಿ ಧ್ವನಿನಿಯಮದ ನೆರವು ಬೇಕು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು, ಪೂ ಹೂವು, ಪುಲಿ ಹುಲಿ. ಒಂದು ಪದ ಬದಲಾಯಿತೆಂದಲ್ಲ. ಆ ಧ್ವನಿ ಸಾಲುಸಾಲಾಗಿ ಬದಲಾಯಿತು. ಜರ್ಮ್ಯಾನಿಕ್ ಭಾಷೆಗಳಲ್ಲಿ ಹೀಗೆಯೇ ಹಳೆಯ ‘ಕ’ಕಾರ ‘ಹ’ಕಾರವಾಯಿತು. ರಾಸ್ಮಸ್ ರಾಸ್ಕ್ 1818ರಲ್ಲಿ ಇಂಥ ಸಂಬಂಧಗಳನ್ನು ತೋರಿಸಿದರು. ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ವಿವರಿಸಿದರು. ಲ್ಯಾಟಿನ್ನಿನ ಕೆಂಟುಮ್ ಇಂಗ್ಲಿಷಿನಲ್ಲಿ ಹಂಡ್ರೆಡ್, ಕೊರ್ನು ಎಂಬುದು ಹಾರ್ನ್. ತೊಗಲಿಗೆ ಲ್ಯಾಟಿನ್ನಿನಲ್ಲಿ ಕುಟಿಸ್, ಇಂಗ್ಲಿಷಿನಲ್ಲಿ ಹೈಡ್, ಜರ್ಮನ್ನಿನಲ್ಲಿ ಹೌಟ್.

ಈ ತೊಗಲಿನ ಪದವೇ ನಮ್ಮನ್ನು ಮನೆಯ ಬಾಗಿಲಿಗೆ ತರುತ್ತದೆ. ತೊಗಲು ಎಂದರೆ ಮೈಯನ್ನು ಮುಚ್ಚುವುದು. ಮುಚ್ಚು, ಹೊದಿಸು, ಮರೆಮಾಡು ಎಂಬ ಅರ್ಥದ ಒಂದು ಪ್ರಾಚೀನ ಧಾತುವಿತ್ತು. ಬಚ್ಚಿಡು ಎಂಬ ಅರ್ಥದ ಇಂಗ್ಲಿಷಿನ ಹೈಡ್, ಗುಡಿಸಲೆಂಬ ಹಟ್, ಕೂಡಿಟ್ಟ ನಿಧಿಯೆಂಬ ಹೋರ್ಡ್ ಇವುಗಳನ್ನು ಆ ಬಳ್ಳಿಗೇ ಸೇರಿಸುತ್ತಾರೆ. ಆಕಾಶವೆಂಬ ಸ್ಕೈ ಕೂಡ ಅದೇ ಬಳ್ಳಿಯದು. ನಾರ್ಸ್ ಭಾಷೆಯಲ್ಲಿ ಅದಕ್ಕೆ ಮೋಡವೆಂದು ಅರ್ಥ, ಬಾನನ್ನು ಮುಚ್ಚುವ ಹೊದಿಕೆ. ಹುಸ್ ಕೂಡ ಇದೇ ಧಾತುವಿನಿಂದ ಬಂದು ‘ಮುಚ್ಚಿಕೊಂಡು ಕಾಯುವುದು’ ಎಂಬ ಅರ್ಥ ಹೊತ್ತಿರಬೇಕು ಎಂಬುದು ಬಹಳ ಕಾಲದಿಂದ ಇರುವ ಅಭಿಪ್ರಾಯ.

ನನಗೆ ಈ ವಿವರಣೆ ಮನಸ್ಸಿಗೆ ಒಪ್ಪುವಂಥದ್ದು, ಏಕೆಂದರೆ ನಾನು ಸೋಗೆ ಮನೆ ಕಂಡವನು. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಹೊರೆಗಟ್ಟಲೆ ಅಂಗಳಕ್ಕೆ ಬಂದು ಬೀಳುತ್ತಿತ್ತು. ಆಗ ‘ಮನೆ ಕಟ್ಟುತ್ತಿದ್ದೇವೆ’ ಎಂದು ಯಾರೂ ಹೇಳುತ್ತಿರಲಿಲ್ಲ. ‘ಮನೆ ಹೊದಿಸುವುದಿದೆ’ ಎನ್ನುತ್ತಿದ್ದರು. ಮರದ ಹಲಗೆಯ ಒಳಮಾಡಿಗೆ ಮಲೆನಾಡಿನವರು ಮುಚ್ಚಿಗೆ ಎಂದೇ ಹೆಸರಿಟ್ಟಿದ್ದಾರೆ. ಮಳೆ ಸುರಿಯುವ, ಹಿಮ ಬೀಳುವ ನಾಡಿನವನಿಗೆ ಮನೆಯೆಂದರೆ ಮೊದಲು ತಲೆಯ ಮೇಲಿನದು, ಗೋಡೆ ಆಮೇಲೆ.

ಆದರೆ ಮನಸ್ಸಿಗೆ ಒಪ್ಪುವುದು ಬೇರೆ, ಪ್ರಮಾಣವಾಗುವುದು ಬೇರೆ. ಈ ವ್ಯುತ್ಪತ್ತಿಗೆ ಎರಡು ತೊಡಕುಗಳಿವೆ. ಆ ಧಾತುವಿನಿಂದ ಈ ದೀರ್ಘ ಉಕಾರ, ಈ ಸಕಾರ ಹೇಗೆ ಬಂದವೆಂದು ನೇರವಾಗಿ ತೋರಿಸಲು ಆಗಿಲ್ಲ. ಲ್ಯಾಟಿನ್, ಗ್ರೀಕ್, ಸಂಸ್ಕೃತ, ಸ್ಲಾವಿಕ್ ಯಾವ ಸೋದರ ಶಾಖೆಯಲ್ಲೂ ಇದಕ್ಕೆ ಸರಿಜೋಡಿಯಾದ ಮನೆಯ ಪದವಿಲ್ಲ. ಹಾಗಾಗಿ, ಅಲ್ಲಿ ಮೊದಲೇ ನೆಲೆಸಿದ್ದ ಬೇರೆ ಜನರ ನುಡಿಯಿಂದ ಬಂದಿರಬಹುದೆಂಬ ವಾದವೂ ಇದೆ. ದೊಡ್ಡ ನಿಘಂಟುಗಳು ಇದರ ಮೂಲದ ಎದುರು ಇಂದಿಗೂ ಪ್ರಶ್ನಾರ್ಥಕ ಚಿಹ್ನೆಯನ್ನು ಉಳಿಸಿಕೊಂಡಿವೆ.

ಕಳೆದುಹೋದ ಹಳೆಯ ಮನೆ

ಈ ಸೋದರ ಶಾಖೆಗಳೆಲ್ಲ ಸೇರಿದ ಇಂಡೋ-ಯುರೋಪಿಯನ್ ಕುಟುಂಬದ ಹಳೆಯ ಮನೆಯ ಪದ ಬೇರೆಯೇ ಇತ್ತು. ಲ್ಯಾಟಿನ್ನಿನ ದೊಮುಸ್, ಗ್ರೀಕಿನ ದೊಮೊಸ್, ರಷ್ಯನ್ನಿನ ದೊಮ್, ವೇದದ ದಮ. ಅದರ ಹಿಂದೆ ‘ಕಟ್ಟು’ ಎಂಬ ಧಾತು. ಜರ್ಮ್ಯಾನಿಕ್ ಜನ ಮನೆಯ ಅರ್ಥದಲ್ಲಿ ಅದನ್ನು ಕೈಬಿಟ್ಟು ಹುಸ್ ಹಿಡಿದರು. ಹಳೆಯದು ಪೂರ್ತಿ ಹೋಗಲಿಲ್ಲ. ಕಟ್ಟುವ ಸಾಮಗ್ರಿಯ ಹೆಸರಾಗಿ ಉಳಿಯಿತು. ಇಂಗ್ಲಿಷಿನಲ್ಲಿ ಅದು ಟಿಂಬರ್, ನಾಟಾ. ಜರ್ಮನ್ನಿನಲ್ಲಿ ತ್ಸಿಮ್ಮರ್, ಕೋಣೆ.

ನಮ್ಮಲ್ಲೂ ಆ ಪದ ಉಳಿದಿದೆ, ಪ್ರತಿ ಮದುವೆಯ ಕಾಗದದಲ್ಲಿ. ‘ದಂಪತಿ’ ಎಂಬುದರ ‘ದಂ’ ಅದೇ ಮನೆ. ಋಗ್ವೇದದಲ್ಲಿ ದಂಪತಿ ಎಂದರೆ ಮನೆಯ ಒಡೆಯ. ದ್ವಿವಚನದಲ್ಲಿ ಮನೆಯೊಡೆಯರಿಬ್ಬರು, ಅಂದರೆ ಗಂಡ ಹೆಂಡತಿ. ಗ್ರೀಕರಲ್ಲಿ ಇದರ ಸೋದರ ಪದ ‘ದೆಸ್ಪೊಟೇಸ್’. ಮನೆಯೊಡೆಯನೆಂಬ ಅರ್ಥದಿಂದ ಹೊರಟು ಇಂಗ್ಲಿಷಿಗೆ ಬರುವಷ್ಟರಲ್ಲಿ ನಿರಂಕುಶ ದೊರೆಯಾಯಿತು. ಒಂದೇ ಬೀಜ ಒಂದು ಕಡೆ ಇಬ್ಬರ ಬಾಳುವೆಯಾಯಿತು, ಇನ್ನೊಂದು ಕಡೆ ಒಬ್ಬನ ದಬ್ಬಾಳಿಕೆಯಾಯಿತು.

ಹೀಗೆ ನೋಡಿದರೆ ಮನೆಯ ಪ್ರತಿ ಪದವೂ ಮನೆಯಿಂದ ನಾವು ಬಯಸುವುದೇನು ಎಂಬ ಪ್ರಶ್ನೆಗೆ ಒಂದೊಂದು ಉತ್ತರ. ದಮ ಕಟ್ಟಿದ್ದು. ಗಾಥಿಕ್ ಭಾಷೆಯ ‘ಗರ್ಡ್ಸ್’ ಬೇಲಿ ಹಾಕಿದ್ದು. ಇಂಗ್ಲಿಷಿನ ಯಾರ್ಡ್ ಅದರ ಬಂಧು, ಸಂಸ್ಕೃತದ ಗೃಹವೂ ಅದೇ ಬಳ್ಳಿಯದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇಂಗ್ಲಿಷಿನ ಹೋಮ್ ಮೊದಲು ಇಡೀ ಊರಿನ ಹೆಸರು; ಗಾಥಿಕ್‌ನಲ್ಲಿ ಹಳ್ಳಿ, ನಾರ್ಸ್‌ನಲ್ಲಿ ಲೋಕ. ಹುಸ್, ಪ್ರಾಯಶಃ, ಹೊದಿಸಿದ್ದು. ನಮ್ಮ ಮನೆ? ತಮಿಳಿನ ‘ಮನೈ’ಯ ಜೊತೆ ಇದು ‘ಮನ್’ ಎಂಬ ದ್ರಾವಿಡ ಧಾತುವಿಗೆ ಸೇರುತ್ತದೆ: ನೆಲೆನಿಲ್ಲು, ಉಳಿ. ನಾವು ಮನೆಯನ್ನು ಅಳೆದದ್ದು ಗೋಡೆಯಿಂದಲೂ ಅಲ್ಲ, ಸೂರಿನಿಂದಲೂ ಅಲ್ಲ, ಉಳಿಯುವುದರಿಂದ.

ಇಲ್ಲೇ ಒಂದು ಎಚ್ಚರದ ಮಾತು. ಲ್ಯಾಟಿನ್ನಿನಲ್ಲಿ ಉಳಿ ಎಂಬುದಕ್ಕೆ ‘ಮನೇರೆ’. ಅದರಿಂದ ಇಂಗ್ಲಿಷಿನ ಮ್ಯಾನ್ಷನ್. ಧ್ವನಿಯೂ ಹೊಂದುತ್ತದೆ, ಅರ್ಥವೂ ಹೊಂದುತ್ತದೆ. ಮನೆಯಿಂದಲೇ ಮ್ಯಾನ್ಷನ್ ಹುಟ್ಟಿತೆಂದು ಸಾರುವ ಆಸೆ ಯಾರಿಗಾದರೂ ಆಗುತ್ತದೆ. ಸಾರಬಾರದು. ಇವೆರಡೂ ಬೇರೆ ಕುಟುಂಬದ ಪದಗಳು. ಕ್ರಮಬದ್ಧವಾದ ಧ್ವನಿ ಸಂಬಂಧವಿಲ್ಲದ ಹೋಲಿಕೆ ಆಕಸ್ಮಿಕ. ಡೆನ್ಮಾರ್ಕಿನ ಆರ್ಹುಸ್ ನಗರದ ಹೆಸರಿನಲ್ಲಿ ಹುಸ್ ಕಂಡು ಮೋಸಹೋಗುವುದೂ ಹೀಗೆಯೇ. ಅದರ ಹಳೆಯ ರೂಪ ಆರೋಸ್, ಹೊಳೆಯ ಬಾಯಿ ಎಂದರ್ಥ. ಭಾಷೆಯ ಮೇಲಿನ ಪ್ರೀತಿಯನ್ನು ಸುಳ್ಳು ನಂಟಿನಿಂದ ತೋರಿಸಬೇಕಾಗಿಲ್ಲ.

ಪದದೊಳಗೆ ವಾಸವಿರುವವರು

ಮನೆಯ ಪದ ಮನುಷ್ಯ ಸಂಬಂಧಗಳೊಳಗೆ ಹೇಗೆ ಸೇರಿಕೊಂಡಿತೆಂದು ನೋಡಿ. ಇಂಗ್ಲಿಷಿನ ಹಸ್ಬೆಂಡ್ ನಾರ್ಸ್ ಭಾಷೆಯ ‘ಹುಸ್‌ಬೊಂಡಿ’. ಮನೆಯಲ್ಲಿ ನೆಲೆಸಿದವನು, ಒಕ್ಕಲಿನ ಯಜಮಾನ. ಅದರ ‘ಬೊಂಡಿ’ಯ ಹಿಂದಿರುವ ಧಾತು ಸಂಸ್ಕೃತದ ಭವತಿ, ಭವನಗಳ ಧಾತುವೇ. ಅರ್ಥದಲ್ಲಿ ಅವನು ನಮ್ಮ ಗೃಹಸ್ಥ. ಅದಕ್ಕಿಂತ ಹತ್ತಿರದ್ದೂ ನಮ್ಮಲ್ಲಿದೆ: ಗಂಡನ ಹೆಸರು ಹೇಳದ ನಮ್ಮ ತಾಯಂದಿರು ‘ನಮ್ಮ ಮನೆಯವರು’ ಎನ್ನುತ್ತಾರಲ್ಲ, ಅದು ಹುಸ್‌ಬೊಂಡಿಗೆ ತೀರ ಸಮೀಪದ ಮಾತು.

ಅದೇ ಮನೆಯ ಹೆಣ್ಣಿನ ಪದದ ಪಾಡು ಬೇರೆ. ಹುಸ್ ಮತ್ತು ವೀಫ್, ಮನೆ ಮತ್ತು ಹೆಂಗಸು, ಸೇರಿ ಆದ ಪದ ಆಡುಬಾಯಲ್ಲಿ ಸವೆದು ಹಸ್ಸಿ ಆಯಿತು. ಗೌರವದ ಹೆಸರು ಹದಿನೇಳನೆಯ ಶತಮಾನದ ಹೊತ್ತಿಗೆ ಬೈಗುಳವಾಗಿ ಇಳಿಯಿತು. ಆಮೇಲೆ ಸವೆಯದ ರೂಪವಾದ ಹೌಸ್‌ವೈಫ್ ಅನ್ನು ಮರ್ಯಾದೆಗೆಂದು ಉಳಿಸಿಕೊಳ್ಳಬೇಕಾಯಿತು. ಒಂದೇ ಸೂರಿನಡಿಯ ಇಬ್ಬರಲ್ಲಿ ಯಾರ ಹೆಸರು ಏರಿತು, ಯಾರದು ಇಳಿಯಿತು ಎಂಬುದರಲ್ಲಿ ಸಮಾಜದ ಚರಿತ್ರೆಯೇ ಇದೆ.

ಚುನಾವಣೆ ಬಂದಾಗ ಇಂಗ್ಲಿಷ್ ಪತ್ರಿಕೆಗಳು ಬಳಸುವ ಹಸ್ಟಿಂಗ್ಸ್ ಎಂಬುದು ‘ಹುಸ್‌ಥಿಂಗ್’, ದೊರೆಯೊಬ್ಬನ ಮನೆಮಂದಿಯ ಸಭೆ. ಸ್ವೀಡಿಷ್, ಡೇನಿಷ್ ಭಾಷೆಗಳಲ್ಲಿ ಹುಸ್ ಇನ್ನೂ ಸವೆದು ‘ಹೊಸ್’ ಎಂಬ ಅವ್ಯಯವೇ ಆಗಿಬಿಟ್ಟಿದೆ. ‘ಅಮ್ಮನ ಹತ್ತಿರ, ಅಮ್ಮನಲ್ಲಿ’ ಎಂದು ಹೇಳಲು ಅವರು ಹೊಸ್ ಬಳಸುತ್ತಾರೆ. ಯಾರದೋ ಜೊತೆಗಿರುವುದೆಂದರೆ ಅವರ ಮನೆಯಲ್ಲಿರುವುದು ಎಂಬ ತಿಳಿವು ವ್ಯಾಕರಣದೊಳಗೆ ಇಳಿದುಹೋಗಿದೆ.

ಒಂದು ಹಾಳೆ, ಒಂದು ಹಂಚು

ಕೊನೆಯದಾಗಿ, ಈ ಎಲ್ಲ ಸಾಕ್ಷ್ಯಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದನ್ನು ಹೇಳುತ್ತೇನೆ. ಜರ್ಮ್ಯಾನಿಕ್ ಭಾಷೆಗಳಲ್ಲಿ ದೊಡ್ಡ ಗ್ರಂಥ ಉಳಿದಿರುವ ಅತಿ ಹಳೆಯ ಭಾಷೆ ಗಾಥಿಕ್. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಅದಕ್ಕೆ ಬೈಬಲ್ ತಂದ. ಅಲ್ಲಿ ಮನೆ ಎಂಬಲ್ಲೆಲ್ಲ ಗರ್ಡ್ಸ್ ಇದೆ, ಇಲ್ಲವೇ ‘ರಜ್ನ್’ ಇದೆ. ರಜ್ನ್‌ನ ಬಂಧುಗಳು ಇಂಗ್ಲಿಷಿನಲ್ಲಿ ಗುರುತು ಸಿಗದಂತೆ ಕೂತಿವೆ: ಬಾರ್ನ್ ಎಂದರೆ ಬಾರ್ಲಿಯ ಮನೆ, ರಾನ್ಸ್ಯಾಕ್ ಎಂದರೆ ಮನೆ ಶೋಧಿಸುವುದು. ಹುಸ್ ಮಾತ್ರ ಬಿಡಿಪದವಾಗಿ ಎಲ್ಲೂ ಇಲ್ಲ. ಗಾಥ್ ಜನರಿಗೆ ಆ ಪದವೇ ಇರಲಿಲ್ಲವೇ?

ಇತ್ತು. ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಇಪ್ಪತ್ತನೆಯ ವಾಕ್ಯದಲ್ಲಿ, ದೇವಾಲಯ ಎಂಬಲ್ಲಿ ವುಲ್ಫಿಲ ‘ಗುಡ್‌ಹುಸ್’ ಎಂದು ಬರೆದ. ದೇವರ ಮನೆ. ಉಳಿದಿರುವ ಗಾಥಿಕ್‌ನಲ್ಲಿ ಆ ಪದಕ್ಕೆ ಇರುವುದು ಇದೊಂದೇ ಸಾಕ್ಷಿ. ಆ ವಾಕ್ಯ ಉಳಿದಿರುವುದು ಸ್ವೀಡನ್ನಿನ ಉಪ್ಸಾಲದಲ್ಲಿರುವ, ನೇರಳೆ ಚರ್ಮಪಟದ ಮೇಲೆ ಬೆಳ್ಳಿ ಅಕ್ಷರದಲ್ಲಿ ಬರೆದ ಹಸ್ತಪ್ರತಿಯಲ್ಲಿ. ಮೊದಲಿದ್ದ 336 ಹಾಳೆಗಳಲ್ಲಿ ಈಗ ಸಿಕ್ಕಿರುವುದು 188. ಕಳೆದುಹೋದ ಸುಮಾರು ನೂರೈವತ್ತರ ಪೈಕಿ ಆ ಹಾಳೆಯೂ ಸೇರಿದ್ದರೆ, ಗಾಥ್ ಜನರಿಗೆ ಹುಸ್ ಗೊತ್ತೇ ಇರಲಿಲ್ಲವೆಂದು ನಾವು ಪಾಠ ಹೇಳುತ್ತಿದ್ದೆವು.

ಈಗ ಈ ಹಂಚಿನ ಕಡೆ ನೋಡಿ. ಹಂಚು ಗೊತ್ತಿಲ್ಲದವರೆಂದು ಟ್ಯಾಸಿಟಸ್ ಬರೆದ ಜನ ರೋಮನ್ನರಿಂದ ಹಂಚು ಕಲಿತರು. ಅದರ ಜೊತೆ ‘ಮುಚ್ಚು’ ಎಂಬ ಧಾತುವಿನ ‘ತೆಗುಲ’ ಎಂಬ ಪದವನ್ನೂ ತಂದು ‘ತ್ಸೀಗೆಲ್’ ಮಾಡಿಕೊಂಡರು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ ಕಡೆಯ ಜೇಡಿಮಣ್ಣು ಮಂಗಳೂರು ಹಂಚಾಗಿ ಘಟ್ಟ ಹತ್ತಿ ನಮ್ಮ ಅಜ್ಜಿಯ ಸೋಗೆ ಮನೆಯನ್ನು ಹಂಚಿನ ಮನೆ ಮಾಡಿತು.

ಆ ಮನೆ ಕೆಡವಿದ ದಿನ ಸೋದರಮಾವ ಕೈಯಲ್ಲಿ ಪುಸ್ತಕ ಹಿಡಿದು ಲೆಕ್ಕ ಬರೆಯುತ್ತಿದ್ದರು: ಹಂಚು ಇಷ್ಟು, ತೊಲೆ ಇಷ್ಟು, ಬಾಗಿಲು ಇಷ್ಟು. ಎಲ್ಲಕ್ಕೂ ಗಿರಾಕಿಯಿದ್ದರು. ಮುಚ್ಚಿಗೆ, ಪಕಾಸಿ, ಜಗಲಿ, ನಡುಮನೆ, ಅಟ್ಟ, ಬಚ್ಚಲಮನೆ ಎಂಬ ಮಾತುಗಳನ್ನು ಯಾರೂ ಎಣಿಸಲಿಲ್ಲ. ಮರ ಇನ್ನೊಂದು ಮನೆಗೆ ಹೋಯಿತು. ಆ ಮಾತುಗಳು ಹೋಗಲು ಮನೆಯಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮೂರಿಗೆ ಹೋದಾಗ ಹಳೆಯ ಮನೆಯೊಂದರ ಹೊಸಿಲಲ್ಲಿ ಹಿರಿಯರೊಬ್ಬರನ್ನು ಕೂರಿಸಿ, ಸೂರಿನಿಂದ ಬುನಾದಿಯವರೆಗೆ ಒಂದೊಂದನ್ನೂ ತೋರಿಸುತ್ತ ‘ಇದಕ್ಕೆ ಏನಂತೀರಿ?’ ಎಂದು ಕೇಳಿ. ಅವರು ಹೇಳಿದ ಹಾಗೆಯೇ, ತಿದ್ದದೆ, ಊರಿನ ಹೆಸರಿನ ಸಮೇತ ಬರೆದಿಡಿ. ಒಂದು ಹಾಳೆ ಸಾಕು. ಗಾಥ್ ಜನರ ಮನೆಗಳಲ್ಲಿ ಯಾವುದೂ ಇಂದು ನಿಂತಿಲ್ಲ. ಅವರ ಹುಸ್ ಉಳಿದದ್ದು ಒಂದು ಹಾಳೆಯಿಂದ.